ಜೋಡಿ ಕೂಡಿಸುವವನ ಎಡಗಿವಿ

ಜಯನಗರ ಒಂಬತ್ತನೇ ಬ್ಲಾಕಿನ ಆಡಿಯೊ ಅಂಗಡಿಯೊಂದರಲ್ಲಿ ಕೊಟ್ರಪ್ಪನವರು ಮಾಡುತ್ತಿದ್ದ ಕೆಲಸಕ್ಕೆ ಹೊರಗೆ ಹೆಸರಿರಲಿಲ್ಲ. ಅಂಗಡಿಯೊಳಗೆ ಅದನ್ನು ‘ಜೋಡಿ ಕೂಡಿಸುವುದು’ ಎನ್ನುತ್ತಿದ್ದರು.

ಅಂಗಡಿಯ ಮಾಲೀಕ ಚಿದಾನಂದ್ ಸ್ಪೀಕರುಗಳನ್ನು ಹೊರಗಿನಿಂದ ತರಿಸಿ, ಮರದ ಪೆಟ್ಟಿಗೆಗಳನ್ನು ಇಲ್ಲಿಯೇ ಮಾಡಿಸುತ್ತಿದ್ದರು. ಒಂದೇ ಕಂಪನಿಯ, ಒಂದೇ ದಿನ ಬಂದ ಸ್ಪೀಕರುಗಳಾದರೂ ಪೆಟ್ಟಿಗೆಯೊಳಗೆ ಕೂತ ಮೇಲೆ ಒಂದರ ದನಿ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಹೋಮ್ ಥಿಯೇಟರಿನಲ್ಲಿ ಟಿ.ವಿ.ಯ ಎಡಬಲಕ್ಕೆ ಇಡುವ ಎರಡು ಪೆಟ್ಟಿಗೆಗಳ ದನಿ ಒಂದೇ ಸಮ ಇರಬೇಕು. ಅಂಥ ಎರಡನ್ನು ಹತ್ತಾರು ಪೆಟ್ಟಿಗೆಗಳ ನಡುವಿನಿಂದ ಆರಿಸುವುದು ಕೊಟ್ರಪ್ಪನವರ ಕೆಲಸ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಬೆತ್ತದ ಕುರ್ಚಿ ಇತ್ತು. ಅದರ ಮುಂದೆ ಎಡಕ್ಕೊಂದು, ಬಲಕ್ಕೊಂದು ಪೆಟ್ಟಿಗೆ ಇಟ್ಟು, ಹೆಂಗಸೊಬ್ಬಳು ಒಂದರಿಂದ ನೂರರವರೆಗೆ ಎಣಿಸುವ ಕ್ಯಾಸೆಟ್ ಹಾಕಿ, ಅವರು ಕಣ್ಣು ಮುಚ್ಚಿ ಕೂರುತ್ತಿದ್ದರು. ಎಣಿಕೆ ಮೂಗಿನ ನೇರಕ್ಕೆ ಬಂದರೆ ಜೋಡಿ ಸರಿ. ಪಕ್ಕಕ್ಕೆ ವಾಲಿದರೆ ಒಂದು ಪೆಟ್ಟಿಗೆ ಬದಲು. ಸರಿಹೊಂದಿದ ಎರಡನ್ನು ಕೆಂಪು ದಾರದಿಂದ ಕಟ್ಟಿ, ಎಡ, ಬಲ ಎಂದು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು.

ಪೇಟೆಯ ದೊಡ್ಡ ಅಂಗಡಿಗಳು ಇದಕ್ಕೆ ಮೀಟರ್ ಇಟ್ಟಿದ್ದವು. ಚಿದಾನಂದ್ ಗಿರಾಕಿಗಳಿಗೆ, “ಮೀಟರ್ ಯಾಕೆ ಸಾರ್? ನಮ್ ಕೊಟ್ರಪ್ಪನ ಕಿವಿ ಇದೆಯಲ್ಲ!” ಎನ್ನುತ್ತಿದ್ದರು.

ಆ ಕಿವಿಗಳಲ್ಲಿ ಒಂದು ಕೆಡುತ್ತಿದೆ ಎಂದು ಮೊದಲು ಕಂಡುಕೊಂಡವರು ಹೆಂಡತಿ ದಾನಮ್ಮ. ೨೦೦೨ರ ಬೇಸಿಗೆ, ಅವರು ಆಗ ಬಿ.ಟಿ.ಎಂ. ಲೇಔಟಿನ ಬಾಡಿಗೆ ಮನೆಯಲ್ಲಿದ್ದರು.

“ಎಡಕ್ಕ ಕುಂತು ಮೂರು ಸಲ ಕರದೆ. ಗ್ವಾಡಿಗಿ ಹೇಳಿದಂಗಾತು,” ಎಂದರು ದಾನಮ್ಮ.

“ಧ್ಯಾನ ಎಲ್ಲೋ ಇತ್ತು.”

“ಬಲಕ್ಕ ಕುಂತಾಗ ಮಾತ್ರ ನಿಮ್ಮ ಧ್ಯಾನ ಮನ್ಯಾಗ ಇರ್ತದೇನು?”

ಕೊಟ್ರಪ್ಪನವರು ನಕ್ಕರು. ಆಮೇಲೆ ಬಚ್ಚಲಿಗೆ ಹೋಗಿ, ಅಗುಳಿ ಹಾಕಿಕೊಂಡು, ಕೈಗಡಿಯಾರ ಬಿಚ್ಚಿ ಎಡಗಿವಿಗೆ ಒತ್ತಿ ಹಿಡಿದರು. ಏನೂ ಕೇಳಿಸಲಿಲ್ಲ. ಬಲಗಿವಿಗೆ ಹಿಡಿದರು. ಟಿಕ್ ಟಿಕ್ ಸದ್ದು ಸ್ಪಷ್ಟವಾಗಿತ್ತು. ಕೊಟ್ಟೂರಿನಿಂದ ಬಂದ ಮೊದಲ ಎಂಟು ವರ್ಷ ಅವರು ಬನಶಂಕರಿಯ ಸೌಂಡ್ ಸರ್ವಿಸ್ ಒಂದರಲ್ಲಿದ್ದು, ಆರ್ಕೆಸ್ಟ್ರಾ ವೇದಿಕೆಗಳ ಮೇಲೆ ಆಳೆತ್ತರದ ಪೆಟ್ಟಿಗೆಗಳಿಗೆ ಎಡಭುಜ ತಾಗಿಸಿಕೊಂಡೇ ನಿಂತವರು. ಕಾರಣವನ್ನು ಬೇರೆಲ್ಲೂ ಹುಡುಕಬೇಕಾಗಿರಲಿಲ್ಲ.

ಅಂದಿನಿಂದ ಅವರ ದಿನಗಳು ಹೆದರಿಕೆಯಲ್ಲೇ ಕಳೆದವು. ಅಂಗಡಿಯಲ್ಲಿ ಯಾರಾದರೂ ಎಡಗಡೆ ಬಂದರೆ ಏನೋ ತೆಗೆದುಕೊಳ್ಳುವವರಂತೆ ಬಾಗಿ, ಅವರನ್ನು ಬಲಕ್ಕೆ ತಂದುಕೊಳ್ಳುತ್ತಿದ್ದರು. ಫೋನನ್ನು ಬಲಗಿವಿಗೇ ಹಿಡಿಯುವ ಅಭ್ಯಾಸ ಮಾಡಿಕೊಂಡರು. ಡಾಕ್ಟರ ಹತ್ತಿರ ಹೋಗಲಿಲ್ಲ. ಚೀಟಿಯ ಮೇಲೆ ಬರೆದರೆ ಅದು ನಿಜವಾಗಿಬಿಡುತ್ತದೆ ಎಂಬ ಅಂಜಿಕೆ. ನಲವತ್ತೊಂದನೆಯ ವಯಸ್ಸಿನಲ್ಲಿ, ಎಸ್ಸೆಸ್ಸೆಲ್ಸಿ ದಾಟದ ತಮಗೆ ಆ ಕುರ್ಚಿಯ ಹೊರತು ಇನ್ನೊಂದು ಕೆಲಸ ಸಿಗಲಾರದು ಎಂದು ಅವರು ನಂಬಿದ್ದರು. ಒಂದು ಕಿವಿ ಮಂದವಾದರೂ ಇನ್ನೊಂದು ತುಂಬಿಕೊಡುತ್ತದೆ ಎಂದು ತಮಗೆ ತಾವೇ ಹೇಳಿಕೊಂಡು ಜೋಡಿ ಕೂಡಿಸುತ್ತಲೇ ಹೋದರು.

ಮರುವರ್ಷ ಆಗಸ್ಟಿನಲ್ಲಿ ಜೆ.ಪಿ. ನಗರ ಎರಡನೇ ಹಂತದಿಂದ ದೂರು ಬಂದಿತು. ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದಿದ್ದ ಜಯಶೀಲಾ ಎಂಬವರು ಹದಿನೈದು ದಿನದ ಹಿಂದಷ್ಟೇ ಪೂರ್ತಿ ಸೆಟ್ ಹಾಕಿಸಿದ್ದರು. ಚಿದಾನಂದ್ ಮತ್ತು ಕೊಟ್ರಪ್ಪ ಇಬ್ಬರೂ ಹೋದರು.

“ಹಾಡಿನ ಸಿ.ಡಿ. ಹಾಕಿದ್ರೆ ಹಾಡೋಳು ಮಧ್ಯ ನಿಲ್ಲೋದೇ ಇಲ್ಲ ಕಣ್ರೀ,” ಎಂದರು ಜಯಶೀಲಾ. “ಎಡಗಡೆ ಕಿಟಕಿ ಹತ್ರ ಹೋಗಿ ನಿಂತ್ಕೋತಾಳೆ. ತರಕಾರಿ ಗಾಡಿ ಬಂತೇನೋ ಅನ್ನೋ ಹಾಗೆ!”

ಕೊಟ್ರಪ್ಪ ಜೊತೆಗೆ ತಂದಿದ್ದ ಟೇಪ್ ರೆಕಾರ್ಡರನ್ನು ಸೆಟ್ಟಿಗೆ ಜೋಡಿಸಿ, ಎಣಿಕೆಯ ಕ್ಯಾಸೆಟ್ ಹಾಕಿ, ನಡುವೆ ಸ್ಟೂಲ್ ಎಳೆದು ಕೂತರು. ಎಣಿಕೆ ಮೂಗಿನ ನೇರಕ್ಕೇ ಬರುತ್ತಿತ್ತು.

“ನಡುವೆನೇ ಇದೆ ಮೇಡಂ.”

ಜಯಶೀಲಾ ಅದೇ ಸ್ಟೂಲಿನಲ್ಲಿ ಕೂತರು. “ಎಡಕ್ಕಿದೆ.”

ಚಿದಾನಂದ್ ನಕ್ಕರು. “ಮೇಡಂ, ಇವನ ಕಿವಿ ಇವತ್ತಿನವರೆಗೂ ಸುಳ್ಳು ಹೇಳಿಲ್ಲ. ಬೇಜಾರ್ ಮಾಡ್ಕೋಬೇಡಿ, ವಯಸ್ಸಾದ ಮೇಲೆ ಒಂದು ಕಿವಿ ಹಿಂದೆ ಮುಂದೆ ಆಗೋದು ಸಹಜ.”

ಜಯಶೀಲಾರ ಮುಖದ ನಗು ಅಲ್ಲಿಯೇ ನಿಂತಿತು. “ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು,” ಎಂದು ಮೆಲ್ಲನೆ ಹೇಳಿದರು. “ಐವತ್ತೈದಕ್ಕೆ. ಆಮೇಲೆ ಪೂರ್ತಿ ಹೋಯ್ತು.” ಅವರ ಕೈ ತಾನಾಗಿ ಬಲಗಿವಿಯನ್ನು ಮುಟ್ಟಿಕೊಂಡಿತು. ತಾವು ಬಚ್ಚಲಲ್ಲಿ ಗಡಿಯಾರ ಹಿಡಿದು ನಿಂತಿದ್ದ ದಿನ ಕನ್ನಡಿಯಲ್ಲಿ ಕಂಡ ಮುಖವೇ ಎದುರಿಗೆ ಕೂತಂತೆ ಕೊಟ್ರಪ್ಪನವರಿಗೆ ಅನ್ನಿಸಿತು.

ಚಿದಾನಂದ್, ಜಯಶೀಲಾ ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ಮಾತಾಡುತ್ತಿದ್ದಾಗ ಕೊಟ್ರಪ್ಪ ಮತ್ತೆ ಸ್ಟೂಲಿನ ಮೇಲೆ ಕೂತರು. ಈ ಬಾರಿ ಟಿ.ವಿ.ಗೆ ಬೆನ್ನು ಮಾಡಿ ಕೂತರು. ಈಗ ಎಡದ ಪೆಟ್ಟಿಗೆ ಬಲಗಿವಿಯ ಕಡೆಗೆ ಬಂದಿತ್ತು. ಪೆಟ್ಟಿಗೆಗಳು ಸಮವಿದ್ದರೆ, ಕಿವಿಗಳೂ ಸಮವಿದ್ದರೆ, ಎಣಿಕೆ ತಲೆಯ ಹಿಂದೆ ನಡುವಿನಲ್ಲೇ ಕೇಳಬೇಕಿತ್ತು. ಹೆಂಗಸಿನ ದನಿ ಪೂರ್ತಿಯಾಗಿ ಬಲಕ್ಕೆ ಸಿಡಿಯಿತು. ಮೂವತ್ತೇಳು, ಮೂವತ್ತೆಂಟು. ಎಡದ ಪೆಟ್ಟಿಗೆಯ ದನಿ ಜೋರಾಗಿತ್ತು. ಅದನ್ನು ಆರಿಸಿದವರು ಅವರೇ. ಎಡಗಿವಿ ಮಂದವಾದದ್ದರಿಂದ, ನಿಜವಾಗಿ ಸಮವಾಗಿದ್ದ ಜೋಡಿಗಳೆಲ್ಲ ಅವರಿಗೆ ಬಲಕ್ಕೆ ವಾಲಿದಂತೆ ಕೇಳಿದ್ದವು; ಅವನ್ನು ಬಿಟ್ಟು, ಎಡ ಜೋರಿರುವ ಬೇಜೋಡಿಗಳಿಗೆ ದಾರ ಕಟ್ಟುತ್ತಾ ಬಂದಿದ್ದರು. ಒಂದು ವರ್ಷಕ್ಕೂ ಮೇಲಾಗಿತ್ತು. ಬನಶಂಕರಿ, ಬಿಳೇಕಹಳ್ಳಿ, ತಲಘಟ್ಟಪುರದ ಮನೆಗಳು ಒಂದೊಂದಾಗಿ ನೆನಪಿಗೆ ಬಂದವು.

“ನಾಳೆ ಹನ್ನೊಂದಕ್ಕೆ ಅಂಗಡಿಗೆ ಬನ್ನಿ ಮೇಡಂ,” ಎನ್ನುತ್ತಿದ್ದರು ಚಿದಾನಂದ್. “ನಮ್ ರೂಮಲ್ಲಿ ಕೂತು ಕೇಳಿ. ಅಲ್ಲೂ ಎಡಕ್ಕೇ ಕೇಳಿದ್ರೆ ಡಾಕ್ಟರ್‌ಗೆ ತೋರ್ಸಿ.”

“ಡಾಕ್ಟರ್‌ಗೆ ಹನ್ನೆರಡಕ್ಕೆ ಹೇಳಿಟ್ಟಿರ್ತೀನಿ ಬಿಡಿ.”

ಅಂದು ಮನೆಗೆ ಬಂದ ಕೊಟ್ರಪ್ಪ ರೊಟ್ಟಿ ಮುರಿದು ಹಾಗೆಯೇ ಇಟ್ಟರು. ದಾನಮ್ಮ ಕೇಳಿದ ಮೇಲೆ ಎಲ್ಲವನ್ನೂ ಹೇಳಿದರು. “ಹೇಳಿದ್ರ ಕುರ್ಚಿ ಹೋಕ್ಕೈತಿ.”

“ಹೇಳದಿದ್ರ ಆಕಿ ನಿದ್ದಿ ಹೋಕ್ಕೈತಿ,” ಎಂದ ದಾನಮ್ಮ ತಟ್ಟೆಯನ್ನು ಅವರ ಹತ್ತಿರಕ್ಕೆ ಸರಿಸಿ, “ನಿಮ್ಮದು ಹ್ಯಾಂಗೂ ಹೋಗೇತಿ,” ಎಂದರು.

ಮರುದಿನ ಜಯಶೀಲಾ ಹನ್ನೊಂದಕ್ಕೆ ಮೊದಲೇ ಬಂದರು. ಚಿದಾನಂದ್ ಹೊಸ ಜೋಡಿಯೊಂದನ್ನು ಇಟ್ಟು, ಎಣಿಕೆಯ ಕ್ಯಾಸೆಟ್ ಹಾಕಿ, “ಕೊಟ್ರಪ್ಪ, ಕೂತ್ಕೋ. ಮೊದ್ಲು ನೀನು ಹೇಳು,” ಎಂದರು. ಕೊಟ್ರಪ್ಪ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು.

“ಮೇಡಂ, ನಿಮ್ ಕಿವಿ ಸರಿಯಾಗಿದೆ,” ಎಂದರು ಕೊನೆಗೆ. “ಕೆಟ್ಟಿರೋದು ನಂದು, ಎಡಗಿವಿ. ಹೋದ ವರ್ಷದಿಂದ. ನಿಮಗೆ ಕೊಟ್ಟಿರೋದು ಜೋಡಿನೇ ಅಲ್ಲ.”

ಕ್ಯಾಸೆಟ್ಟಿನ ಹೆಂಗಸು ಮಾತ್ರ ಎಣಿಸುತ್ತಿದ್ದಳು. ಚಿದಾನಂದರ ಮುಖ ಕೆಂಪೇರಿತು. “ತಮಾಷೆ ಮಾಡ್ತಿದೀಯಾ? ಗಿರಾಕಿ ಮುಂದೆ?”

“ಇಲ್ಲ ಸಾರ್.”

“ಒಂದು ವರ್ಷ! ನನ್ ಅಂಗಡಿ ಮುಚ್ಚಿಸ್ಬಿಟ್ಯಲ್ಲೋ!”

ಜಯಶೀಲಾ ಬೈಯಲಿಲ್ಲ. ದೀರ್ಘವಾಗಿ ಉಸಿರುಬಿಟ್ಟು, “ನಿನ್ನೆಯಿಂದ ಊಟ ಸೇರಿಲ್ಲ ನಂಗೆ,” ಎಂದರು. ಆಮೇಲೆ ಚೀಲವನ್ನು ನೆಲಕ್ಕಿಟ್ಟು, ಸೆರಗು ಸರಿಪಡಿಸಿಕೊಂಡು ತಾವೇ ಆ ಕುರ್ಚಿಯಲ್ಲಿ ಕೂತರು. “ಕೂಗಾಡೋದು ಆಮೇಲೆ ಆಗ್ಲಿ ಚಿದಾನಂದ್. ಕೊಟ್ರಪ್ಪ, ಪೆಟ್ಟಿಗೆ ಬದಲಾಯ್ಸಿ. ಎಲ್ಲಿಂದ ಕೇಳುತ್ತೆ ಅಂತ ನಾನು ಹೇಳ್ತೀನಿ.”

ಕೊಟ್ರಪ್ಪ ಒಂದೊಂದೇ ಪೆಟ್ಟಿಗೆ ಎತ್ತಿಟ್ಟರು. “ಬಲಕ್ಕೆ.” “ಇನ್ನೂ ಬಲಕ್ಕೆ.” “ಸ್ವಲ್ಪ ಎಡಕ್ಕೆ.” ಒಂಬತ್ತನೆಯದಕ್ಕೆ ಜಯಶೀಲಾ ಕಣ್ಣು ಮುಚ್ಚಿಕೊಂಡೇ, “ಇದು ನೋಡಿ, ಮೂಗಿನ ನೇರಕ್ಕೆ,” ಎಂದರು. ಕೊಟ್ರಪ್ಪನವರಿಗೆ ಅದು ಬಲದಿಂದ ಬರುತ್ತಿತ್ತು. ಅವರು ಎದುರು ಮಾತಾಡದೆ ದಾರ ಕಟ್ಟಿದರು.

ಹನ್ನೆರಡು ಗಂಟೆಯ ಡಾಕ್ಟರ ಸಮಯವನ್ನು ಜಯಶೀಲಾ ಕೊಟ್ರಪ್ಪನವರ ಹೆಸರಿಗೆ ಬರೆಸಿದರು. ಇಬ್ಬರೂ ಹೊರಡುವಾಗ ಚಿದಾನಂದ್ ಗಲ್ಲಾದ ಹಿಂದಿನಿಂದ ತಲೆ ಎತ್ತಲಿಲ್ಲ.

“ಸಾರ್, ನಾಳೆ ಬರ್ಲಾ?” ಎಂದು ಕೊಟ್ರಪ್ಪ ಕೇಳಿದರು.

ಚಿದಾನಂದ್ ಗಲ್ಲಾದ ಡ್ರಾಯರನ್ನು ದಬ್ಬಿ ಮುಚ್ಚಿದರು. “ಹೋದ ವರ್ಷದಿಂದ ಕೊಟ್ಟಿರೋ ಮನೆಗಳೆಲ್ಲ ನಿನಗೆ ತಾನೇ ಗೊತ್ತಿರೋದು? ಬಾ. ಪ್ರತಿ ಮನೆಗೂ ಹೋಗಿ ಇವತ್ತು ಹೇಳಿದ್ದನ್ನೇ ಹೇಳು. ಕುರ್ಚಿಲಿ ಮಾತ್ರ ಇನ್ಮೇಲೆ ಗಿರಾಕಿ ಕೂರ್ಲಿ.”

ಮಾರನೆಯ ಬೆಳಿಗ್ಗೆ ಗಿರಾಕಿಯೇ ಕೇಳಿ ಆರಿಸಿಕೊಳ್ಳಲೆಂದು ಟೆಂಪೋದಲ್ಲಿ ಆರು ಪೆಟ್ಟಿಗೆ ಹೇರಿಕೊಂಡು ಕೊಟ್ರಪ್ಪ ಬನಶಂಕರಿಯ ಮನೆಯೊಂದರ ಮುಂದೆ ಇಳಿದರು. ಕರೆಗಂಟೆ ಒತ್ತುವ ಮೊದಲು ಗೇಟಿನ ಬಳಿ ಎಷ್ಟು ಹೊತ್ತು ನಿಂತಿದ್ದರೋ ಅವರಿಗೇ ನೆನಪಿಲ್ಲ. ಡ್ರೈವರ್ ಎರಡು ಸಲ ಹಾರನ್ ಹೊಡೆದದ್ದು ಮಾತ್ರ ನೆನಪಿದೆ.