ಟೈಲರಕ್ಕನ ಗುಂಡಿ ಡಬ್ಬಿ

ಅದಕ್ಕೇ ಹೇಳಿದ್ದು, ಟೈಲರಕ್ಕ ಗಟ್ಟಿಗಿತ್ತಿ ಅನ್ನುವುದೆಲ್ಲ ಬರೀ ಮಾತು. ಪಕ್ಷೇತರಳಾಗಿ ಗೆದ್ದು ನಗರಸಭೆಗೆ ಹೋದದ್ದೇನೋ ನಿಜ, ಆದರೆ ಬಾಗಿಲು ಕಿರ್ರೆಂದರೂ ಬೆಚ್ಚಿಬೀಳುವ ಜೀವ. ತನ್ನ ಬುದ್ಧಿಯ ಮೇಲೂ ಅವಳಿಗೆ ನಂಬಿಕೆ ಅಷ್ಟಕ್ಕಷ್ಟೇ. ಹಾಗಾಗಿ ಸಭೆಯಲ್ಲಿ ಕೈ ಎತ್ತುವ ಮುನ್ನ ಬೀದಿಯವರನ್ನು ಕೇಳುತ್ತಿದ್ದಳು. ಹೊಲಿಗೆ ಮಷಿನ್ನಿನ ಪಕ್ಕ ಒಂದು ತಗಡಿನ ಡಬ್ಬಿ. ಒಪ್ಪಿಗೆಯಿದ್ದವರು ಮನೆಯಿಂದ ಬಿಳಿ ಗುಂಡಿ ತಂದು ಹಾಕಬೇಕು, ಇಲ್ಲದವರು ಕಪ್ಪು. ಡಬ್ಬಿ ಹೇಳಿದಂತೆ ಅವಳ ಕೈ.

ಈ ಸಲದ್ದು ಬೀದಿ ಕೊನೆಯ ಹೆರಿಗೆ ಆಸ್ಪತ್ರೆಯ ಪ್ರಶ್ನೆ. ಅದನ್ನು ಕೆಡವಿ ಜಾಗವನ್ನು ಕಂಪನಿಯೊಂದಕ್ಕೆ ಕೊಡೋಣವೆಂದು ಅರ್ಧ ಸಭೆ, ಬೇಡವೆಂದು ಇನ್ನರ್ಧ. ನಡುವೆ ಸಿಕ್ಕಿಕೊಂಡದ್ದು ಇವಳೊಬ್ಬಳ ಕೈ.

ಸಭೆಯ ಹಿಂದಿನ ದಿನ ಮಧ್ಯಾಹ್ನ ಅಪರಿಚಿತನೊಬ್ಬ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ. ಬಲು ಮರ್ಯಾದಸ್ಥ. ಇವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವನ ಕಾಲ ಬಳಿ ಕುಕ್ಕುರುಗಾಲಲ್ಲಿ ಕೂತು ಅಳತೆ ಹಿಡಿದಾಗ, ಮೇಲಿನಿಂದ ಮೆಲ್ಲಗೆ ಅಂದ:

"ಮಗಳು ಸ್ಕೂಲಿನ ಹಿಂದಿನ ಗೇಟಿಂದ ಬರ್ತಾಳಲ್ವಾ ಅಕ್ಕ? ಅಲ್ಲಿ ಜನ ಓಡಾಡೋದು ಕಮ್ಮಿ. ನಾಳೆ ಕೈ ಎತ್ತುವಾಗ ನೆನಪಿರಲಿ."

ಸೂಜಿ ನುಂಗದೆ ಉಳಿದದ್ದೇ ಪುಣ್ಯ. ಅವನು ಹೋದಮೇಲೆ ಡಬ್ಬಿ ನೋಡಿದಳು. ಕಪ್ಪೋ ಕಪ್ಪು, ಕೆಡವುವುದು ಯಾರಿಗೂ ಬೇಡ. ಅಂಗಡಿಯ ಹೊಸ ಪೊಟ್ಟಣ ಹರಿದು ಹಿಡಿ ಬಿಳಿ ಗುಂಡಿ ಸುರಿದೇಬಿಟ್ಟಳು.

ಸಂಜೆ ಎಲ್ಲರೂ ಸೇರಿದಾಗ ಹಾಲಿನಜ್ಜಿ ಡಬ್ಬಿಯೊಳಗೆ ಇಣುಕಿದಳು. ಬೀದಿಯವರ ಗುಂಡಿಗಳೋ ಸವೆದು, ಅಂಚು ಮುಕ್ಕಾಗಿ, ಹಳೇ ದಾರ ನೇತಾಡಿಸಿಕೊಂಡಿದ್ದವು.

"ಈ ಬಿಳಿಯವೆಲ್ಲ ಒಂದೇ ತಾಯಿ ಮಕ್ಕಳ ಥರ ಇವೆಯಲ್ಲೇ," ಅಂದಳು.

ಅಕ್ಕ ಅಳುತ್ತಾ ಎಲ್ಲ ಹೇಳಿದಳು. ಯಾರೂ ಬೈಯಲಿಲ್ಲ. ಆಸ್ಪತ್ರೆ ಹೋದರೆ ಹೋಗಲಿ, ಮಗು ಮುಖ್ಯ, ಎಲ್ಲರೂ ಬಿಳಿಯೇ ಹಾಕೋಣ ಅಂದ ಗ್ಯಾರೇಜಿನಣ್ಣ. ಅಜ್ಜಿ ಡಬ್ಬಿಯನ್ನು ಬೋರಲು ಹಾಕಿ, ಬರಿದಾದದ್ದನ್ನು ಅಕ್ಕನ ಮುಂದಿಟ್ಟಳು.

"ಇಷ್ಟು ದಿನ ನಮ್ಮನ್ನ ಕೇಳ್ದೆ. ಇವತ್ತು ನಿಂದು ಹಾಕು ಮಗಳೇ. ಯಾವ್ದಾದ್ರೂ ಸರಿ, ಹುಡುಗೀನ ನಾವು ಕರ್ಕೊಂಡ್ ಬರ್ತೀವಿ."

ಅಕ್ಕ ಬಿಳಿಯದೊಂದು, ಕಪ್ಪಿನದೊಂದು ಗುಂಡಿ ಕೈಗೆತ್ತಿಕೊಂಡಳು. ಮಗಳು ಹುಟ್ಟಿದ್ದೂ ಅದೇ ಆಸ್ಪತ್ರೆಯಲ್ಲಿ. ಕೊನೆಗೆ ಡಬ್ಬಿಗೆ ಬಿದ್ದದ್ದು ಕಪ್ಪು. ಮರುದಿನ ಸಭೆಯಲ್ಲಿ ಬೇಡವೆನ್ನುವವರ ಜೊತೆ ಅವಳ ಕೈಯೂ ಮೇಲೆದ್ದಿತಂತೆ.

ಆಸ್ಪತ್ರೆ ಉಳಿಯಿತು, ಭಯವೂ ಉಳಿಯಿತು. ಮಗಳು ಇಂದಿಗೂ ಗ್ಯಾರೇಜಿನಣ್ಣನ ಸ್ಕೂಟರಿನಲ್ಲೇ ಮನೆಗೆ ಬರುತ್ತಾಳೆ. ಆ ಪ್ಯಾಂಟನ್ನು ಒಯ್ಯಲು ಯಾರೂ ಬಂದಿಲ್ಲ, ಮೊಳೆಗೆ ನೇತಾಡುತ್ತಿದೆ. ಹೊಸ್ತಿಲ ಮೇಲೆ ನೆರಳು ಬಿದ್ದರೆ ಅಕ್ಕನ ಮಷಿನ್ನು ನಿಂತುಹೋಗುತ್ತದೆ. ನೀವೊಮ್ಮೆ ಹೋಗಿ ಅವಳನ್ನು ಕಾಣಲೇಬೇಕು. ಆದರೆ ದೂರದಿಂದಲೇ "ಅಕ್ಕಾ" ಅಂತ ಕೂಗಿ, ಆಮೇಲೆ ಒಳಗೆ ಹೋಗಿ.