ಯಾಳಿಯ ಎಡಗಣ್ಣು

ಸತ್ತವರ ಬಗ್ಗೆ ಯಾರಾದರೂ ವಿಚಿತ್ರ ಕಥೆ ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಶಾಲೆಯ ಮೇಷ್ಟರಾದ ನನಗೆ ಅಂಥದ್ದರಲ್ಲಿ ನಂಬಿಕೆ ಇರಲಿಲ್ಲ. ಈಗಲೂ ಇದೆಯೆಂದು ಹೇಳಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ಮಹಾರಾಜರ ಕಾಲದ ಮಾತು. ಅಜ್ಜಂಪುರದಲ್ಲಿ ನಮ್ಮಪ್ಪ ಹಳೆಯ ಕಠಾರಿಗಳ ಹಿಡಿಗೆ ಬೆಳ್ಳಿ ಕೆಲಸ ಮಾಡುತ್ತಿದ್ದರು. ಅವರು ಎಡಚರು, ಸುತ್ತಿಗೆ ಹಿಡಿಯುತ್ತಿದ್ದುದು ಎಡಗೈಯಲ್ಲೇ. ಕೆಲಸದ ಮೇಲೆ ಒಂದು ಪೆಟ್ಟು, ಬರಿಯ ಅಡೆಗಲ್ಲಿನ ಮೇಲೆ ಎರಡು ಸಣ್ಣ ಪೆಟ್ಟು. ಇದು ಅವರ ರೂಢಿ. ನಾನು ಆ ಕಸುಬು ಕಲಿಯಲಿಲ್ಲ. ಅದಕ್ಕಾಗಿ ಅವರು ನನ್ನೊಡನೆ ಮಾತು ಕಡಿಮೆ ಮಾಡಿದ್ದರು.

ಅವರು ತೀರಿಕೊಂಡಾಗ ಸಿಂಗಟಗೆರೆಯ ಗೌಡರೊಬ್ಬರ ಮನೆತನದ ಕಠಾರಿ ನಮ್ಮಲ್ಲಿತ್ತು. ತರೀಕೆರೆ ಪಾಳೆಯಗಾರರ ಕಾಲದ್ದಂತೆ. ಹಿಡಿಯ ತುದಿಯಲ್ಲಿ ಬಾಯ್ದೆರೆದ, ಸಿಂಹದ ಮೋರೆಯ ಯಾಳಿ. ಅದರ ಕೇಸರದ ಎಳೆಎಳೆಗೂ ಬೆಳ್ಳಿ ಕೂತಿತ್ತು. ಕಣ್ಣನ್ನು ಕೊನೆಗಿಡುವುದು ಕಸುಬಿನ ಪದ್ಧತಿ. ಕಬ್ಬಿಣದಲ್ಲಿ ಗುಳಿ ಕೊರೆದು, ಕೂದಲಿನಂಥ ಬೆಳ್ಳಿ ತಂತಿಯನ್ನು ಸುತ್ತಿಟ್ಟು, ಬಿಡದಂತೆ ಬಡಿಯಬೇಕು. ಅಪ್ಪ ಬಲಗಣ್ಣು ಮುಗಿಸಿದ್ದರು. ಎಡಗಣ್ಣು ಬರೀ ಗುಳಿ.

ಆಯುಧಪೂಜೆಗೆ ಎರಡು ದಿನವಿರುವಾಗ ಗೌಡರು ಬಂದರು. ಹಿಡಿಯನ್ನು ತಿರುಗಿಸಿ ನೋಡಿ, "ಏನಪ್ಪಾ ಮೇಷ್ಟ್ರೇ, ಒಕ್ಕಣ್ಣನ್ನ ಪೂಜೆಗಿಟ್ರೆ ನೆಂಟ್ರು ನಗಾಕಿಲ್ವಾ?" ಎಂದರು. ಆಮೇಲೆ ಮೆತ್ತಗೆ, "ನಿಮ್ಮಪ್ಪನಂಥ ಕೈ ಇನ್ನೆಲ್ಲೈತೆ? ಹೋಗ್ಲಿ ಬಿಡು. ಸಂಜೆ ಗಾಡಿ ಕಟ್ಟಿ ತರೀಕೆರೆಗೆ ಹೋಗಿ ಬೇರೆ ಆಚಾರಿ ಕೈಲಿ ಹಾಕಿಸ್ಕತೀನಿ. ಸಂತೆ ಮುಗಿಸ್ಕಂಡು ಬತ್ತೀನಿ, ಕಟ್ಟಿಡು" ಎಂದು ಹೊರಟರು.

ಅಪ್ಪನ ಕೊನೆಯ ಕೆಲಸದ ಮೇಲೆ ಬೇರೆಯವರ ಸುತ್ತಿಗೆ ಬೀಳುವುದು ನನಗೆ ಒಪ್ಪಿಗೆಯಾಗಲಿಲ್ಲ. ಆದರೂ ಕಟ್ಟಿಡಲೆಂದು ಅಪ್ಪನ ಮಣೆಯ ಮೇಲೆ ಕುಳಿತೆ. ಸುರುಳಿಯಿಂದ ತಂತಿ ಎಳೆದದ್ದು ನೆನಪಿದೆ. ಆಮೇಲಿನದು ನೆನಪಿಲ್ಲ.

ಅಡುಗೆಮನೆಯಿಂದ ಅಮ್ಮನ ದನಿ ಕೇಳಿ ಎಚ್ಚೆತ್ತೆ. "ಏನ್ರೀ, ಎಷ್ಟೊತ್ತು ಬಡೀತೀರಿ? ಮುದ್ದೆ ಆರೋಯ್ತು, ಬನ್ರೀ!"

ಮರುಕ್ಷಣವೇ ಪಾತ್ರೆ ಬಿದ್ದ ಸದ್ದು. ಅಮ್ಮ ಬಾಗಿಲಿಗೆ ಬಂದು, ಮಣೆಯ ಮೇಲೆ ನನ್ನನ್ನು ಕಂಡು, ಸೆರಗನ್ನು ಬಾಯಿಗೊತ್ತಿಕೊಂಡು ನಿಂತುಬಿಟ್ಟಳು.

ಯಾಳಿಗೆ ಎರಡೂ ಕಣ್ಣಿದ್ದವು. ಎಡದ್ದು ಬಲದ್ದಕ್ಕಿಂತ ಒಂದೆಳೆಯೂ ಬೇರೆಯಾಗಿರಲಿಲ್ಲ.

ಗೌಡರು ಬಂದು ಬಹಳ ಹೊತ್ತು ನೋಡಿದರು. "ಮುಗ್ಸೇ ಹೋಗವ್ರೆ ಕಣಪ್ಪಾ ನಿಮ್ಮಪ್ಪ. ಬೆಳಿಗ್ಗೆ ನನ್ ಕಣ್ಣಿಗೇ ಏನೋ ಆಗಿತ್ತು" ಎಂದು ಕಠಾರಿಗೆ ಕೈಮುಗಿದು, ಹೊಸ ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು.

ಚಿಕ್ಕಂದಿನಿಂದ ನೋಡಿದ್ದು ದುಃಖದಲ್ಲಿ ಕೈಗೆ ಬಂದಿರಬೇಕು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಇದ್ದರೂ ಇರಬಹುದು. ಆದರೆ ಎಡಗೈಯಲ್ಲಿ ನಾನು ನನ್ನ ಹೆಸರನ್ನೂ ನೆಟ್ಟಗೆ ಬರೆಯಲಾರೆ. ಅಂದು ಸಂಜೆ ಅಮ್ಮ ಹರಳೆಣ್ಣೆ ಹಚ್ಚಿದಳಲ್ಲ, ಆ ಗುಳ್ಳೆಗಳೆಲ್ಲ ಎದ್ದದ್ದು ನನ್ನ ಎಡ ಅಂಗೈಯಲ್ಲಿ.