ಮೂರು ಗಂಟೆಯ ವೇಷ

ಬಾಟಲಿಯ ಕತ್ತಿನಲ್ಲಿ ತೆಂಗಿನೆಣ್ಣೆ ಒಂದು ಬೆರಳಿನಷ್ಟು ದಪ್ಪಕ್ಕೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಹೇರ್‌ಪಿನ್ನಿನಿಂದ ಕೆರೆದು ಅಂಗೈಗೆ ತೆಗೆದುಕೊಂಡೆ. ದೂರದ ಊರಿನ ಈ ಬಾಡಿಗೆ ಕೋಣೆಯಲ್ಲಿ ಸತತ ಆರನೆಯ ರಾತ್ರಿಯೂ ನಿದ್ದೆಯಿಲ್ಲದೆ ಬೆಳಗಾಗಿತ್ತು. ಎಣ್ಣೆ ಕರಗಿ ವಾಸನೆ ಬಂದಾಗ, ಸಾಲಿಗ್ರಾಮದ ನಮ್ಮ ಪಕ್ಕದ ಮನೆಯ ಮಾವ ನೆನಪಾದರು.

ಸಂಬಂಧದಲ್ಲಿ ಮಾವನಲ್ಲ, ಹಾಗೆ ಕರೆದು ರೂಢಿ. ಮೂವತ್ತು ವರ್ಷ ಯಕ್ಷಗಾನ ಮೇಳದಲ್ಲಿ ವೇಷ ಮಾಡಿದವರು. ಮೇಳ ಬಿಟ್ಟ ಮೇಲೂ ಮುಂಜಾನೆ ಎದ್ದು, ಇಲ್ಲದ ಬಣ್ಣ ತೆಗೆಯಲು ಮುಖಕ್ಕೆ ತೆಂಗಿನೆಣ್ಣೆ ಉಜ್ಜಿಕೊಳ್ಳುತ್ತಿದ್ದರು...

ನಾನಾಗ ಎಂ.ಎಸ್ಸಿ. ಕೊನೆಯ ಪರೀಕ್ಷೆಗೆ ಓದುತ್ತಿದ್ದೆ. ಈಗ ಮಲಗಿದರೆ ಐದು ಗಂಟೆಯ ನಿದ್ದೆ, ಈಗ ಮಲಗಿದರೆ ನಾಲ್ಕು ಎಂದು ಎಣಿಸುತ್ತಲೇ ಬೆಳಗಾಗುತ್ತಿತ್ತು. ಎಷ್ಟು ಹೊತ್ತು ಮಲಗಿದೆನೆಂದು ದಿನವೂ ಡೈರಿಯಲ್ಲಿ ಬರೆಯುತ್ತಿದ್ದೆ. ಪರೀಕ್ಷೆಯ ಕೋಣೆಯಲ್ಲಿ ತಲೆ ಖಾಲಿಯಾದರೆ ಎಂಬ ಹೆದರಿಕೆಯನ್ನು ಯಾರಿಗೂ ಹೇಳಿರಲಿಲ್ಲ. ಜಗಲಿಯಲ್ಲಿ ಮರೆತ ಡೈರಿಯನ್ನು ಮಾವ ನೋಡಿಬಿಟ್ಟರು.

“ಎಂತ ಹೆಣೆ, ಒರ್ಕಿಗೂ ಮಾರ್ಕ್ ಹಾಕ್ತ್ಯಾ?”

ನಿದ್ದೆಗೂ ಅಂಕವೇ ಎಂದು ಕೇಳಿದ್ದಕ್ಕೆ ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಅವರು ಪಕ್ಕದಲ್ಲಿ ಕೂತು ಚೌಕಿಯ ಸುದ್ದಿ ಹೇಳಿದರು. ರಂಗದ ಹಿಂದೆ ಬಣ್ಣ ಹಚ್ಚಿಕೊಳ್ಳುವ ಆ ಜಾಗದಲ್ಲಿ, ನಡುರಾತ್ರಿ ಕಳೆದ ಮೇಲಿನ ವೇಷದವರು ಪೆಟ್ಟಿಗೆಗಳ ನಡುವೆ ಅಡ್ಡಾಗುತ್ತಾರಂತೆ. ಗಂಟೆ ಎಷ್ಟೆಂದು ಯಾರೂ ಕೇಳುವುದಿಲ್ಲ. ಎಬ್ಬಿಸುವುದು ಬೇರೆಯವರ ಕೆಲಸ.

“ನಿಂದ್ ಬೆನ್ನ್ ನೆಲಕ್ಕೆ ತಾಗ್ಸುದ್ ಮಾತ್ರ. ಒರ್ಕ್ ಬಂದ್ರೆ ಬರ್ಲಿ, ಬರ್ದಿದ್ರೆ ಕಡಲ್ ಶಬ್ದ ಕೇಣ್. ಹೊತ್ತಿಗ್ ನಾ ಎಬ್ಬಿಸ್ತೆ.”

ಪರೀಕ್ಷೆಯ ಹಿಂದಿನ ಸಂಜೆ ಅಲಾರಾಂ ಗಡಿಯಾರ, ಫೋನು ಎರಡನ್ನೂ ಅವರ ಕೈಗೆ ಕೊಟ್ಟೆ.

“ಹ್ವಾಯ್, ನಿಮ್ ವೇಷ ಬಂತ್!”

ಚೌಕಿಯಲ್ಲಿ ಎಬ್ಬಿಸುವ ಹಾಗೆ ಕಿಟಕಿಯಾಚೆಯಿಂದ ಮಾವ ಕೂಗಿದ್ದಕ್ಕೆ ಧಡಕ್ಕನೆ ಎದ್ದೆ. ಕಾಗೆ ಕೂಡ ಕೂಗಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ. ತಮ್ಮ ವೇಷ ರಂಗಕ್ಕೆ ಹೋಗುತ್ತಿದ್ದ ಹೊತ್ತಿಗೆ ಸರಿಯಾಗಿ ನನ್ನನ್ನು ಎಬ್ಬಿಸಿದ್ದರು!

ಆಚೆ ಜಗಲಿಯಿಂದ ಅವರ ಹೆಂಡತಿ, ನಮ್ಮ ಅತ್ತೆ, ಬೈಯುವುದು ಕೇಳಿಸಿತು: “ನಿಮ್ಗ್ ಬುದ್ಧಿ ಇತ್ತಾ? ಅವ್ಳ್ ಹೋಪ್ದ್ ಪರೀಕ್ಷೆಗೆ, ಕುಣುಕಲ್ಲ!”

ನಗು ತಡೆಯಲಾಗಲಿಲ್ಲ. ನಗುತ್ತಿದ್ದಂತೆ ಹೊಳೆಯಿತು. ಅವರು ನನ್ನನ್ನು ಎಬ್ಬಿಸಬೇಕಾಗಿ ಬಂತು, ಅಂದರೆ ನಾನು ನಿದ್ದೆಯಲ್ಲಿದ್ದೆ. ಮತ್ತೆ ಮಲಗಿದೆ. ಆರಕ್ಕೆ ಅತ್ತೆಯೇ ಬಂದು ಎಬ್ಬಿಸಿದರು. ಪರೀಕ್ಷೆಯಲ್ಲಿ ತಲೆ ಖಾಲಿಯಾಗಲಿಲ್ಲ.

ಮಾವ ತೀರಿಕೊಂಡು ಎರಡು ಮಳೆಗಾಲ ಕಳೆದಿವೆ. ಏನು ಹೇಳಬೇಕೆಂದು ತಿಳಿಯದೆ ಅತ್ತೆಗೆ ಒಮ್ಮೆಯೂ ಫೋನು ಮಾಡಿರಲಿಲ್ಲ. ಈಗ ಹೊಸ ಕೆಲಸ, ಅದೇ ಹಳೆಯ ಹೆದರಿಕೆ... ಎಬ್ಬಿಸುವವರು ಮಾತ್ರ ಇಲ್ಲ. ಅಂಗೈಯ ಎಣ್ಣೆಯನ್ನು ಒರೆಸಿಕೊಂಡು ಕೆಲಸಕ್ಕೆ ಹೋದೆ. ಸಂಜೆ ಧೈರ್ಯ ಮಾಡಿ ಅತ್ತೆಗೆ ಫೋನು ಮಾಡಿ, ನಾಳೆ ಆರಕ್ಕೆ ಎಬ್ಬಿಸುತ್ತೀರಾ ಎಂದು ಕೇಳಿದೆ. “ಎಬ್ಬಿಸ್ತೆ ಮಗಾ” ಎಂದರು.

ಮರುದಿನ ಫೋನು ಬಡಿದುಕೊಂಡಾಗ ಎಲ್ಲಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

“ಏಳ್ ಹೆಣೆ, ಆರ್ ಗಂಟೆ. ಕಾಣ್, ನಾ ಮೂರಕ್ಕ್ ಎಬ್ಬಿಸ್ಲಿಲ್ಲ.”

“ನಿಮಗೆ ನಿದ್ದೆ ಬಂತಾ ಅತ್ತೆ?”

“ನಂಗ್ ದಿನಾ ಮೂರಕ್ಕೇ ಎಚ್ರ ಆತ್ತ್ ಮಗಾ. ಅವ್ರ್ ಏಳ್ತಿದ್ದ ಹೊತ್ತ್ ಅದ್, ಅವ್ರ್ ಇಲ್ದಿದ್ರೂ...”

ಫೋನನ್ನು ಸ್ಪೀಕರಿಗೆ ಹಾಕಿ ಕಿಟಕಿಯ ಮೇಲಿಟ್ಟೆ. ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತ, ಬಸ್ಸಿನ ಹೊತ್ತಾಗುವವರೆಗೂ ಅವರೊಡನೆ ಮಾತಾಡಿದೆ.